ಹಸಿರಾದ ಕೋಶವೆಷ್ಟು, ಒಳಗೆ ಸೇರಿದ ಜೀನ್ ಎಷ್ಟು?

ಪ್ರಶ್ನೆ: ಕೋಶವನ್ನು ಹಸಿರಾಗಿ ಹೊಳೆಯಿಸುವ ಜಿಎಫ್‌ಪಿ ಜೀನ್ ಹೊತ್ತ ಲೆಂಟಿವೈರಸ್ (ಕೋಶದೊಳಕ್ಕೆ ಜೀನ್ ಸಾಗಿಸುವ ವೈರಸ್) ತಯಾರಿಸಿ, ತಲಾ ಒಂದು ಲಕ್ಷ ಎಚ್‌ಟಿ1080 ಎಂಬ ಮಾನವ ಕೋಶಗಳಿದ್ದ ವೆಲ್‌ಗಳಿಗೆ (ತಟ್ಟೆಯ ಗುಳಿಗಳಿಗೆ) ಹಾಕಿದೆ. ಮೂರು ದಿನ ಬಿಟ್ಟು, ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರ್‌ನಲ್ಲಿ ನೋಡಿದಾಗ 2 ಮೈಕ್ರೊಲೀಟರ್ ಹಾಕಿದ ಕಡೆ 16%, 20 ಮೈಕ್ರೊಲೀಟರ್ ಹಾಕಿದ ಕಡೆ 82% ಕೋಶಗಳು ಹಸಿರಾಗಿದ್ದವು. ಲೆಕ್ಕ ಹಾಕಿದರೆ ಟೈಟರ್ (ಕೆಲಸ ಮಾಡುವ ವೈರಸ್‌ನ ಸಾಂದ್ರತೆ) ಒಂದರಲ್ಲಿ ಮಿಲಿಲೀಟರಿಗೆ 80 ಲಕ್ಷ, ಇನ್ನೊಂದರಲ್ಲಿ 41 ಲಕ್ಷ. ವೈರಸ್ ಒಂದೇ ಟ್ಯೂಬಿನದು. ಯಾವುದನ್ನು ನಂಬಲಿ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡರಲ್ಲಿ 80 ಲಕ್ಷವೇ ನಿಜಕ್ಕೆ ಹತ್ತಿರ. ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ತೊಡಕಿರುವುದು ಸೂತ್ರದಲ್ಲಿ. ಕೋಶಗಳ ಸಂಖ್ಯೆಯನ್ನು ಹಸಿರಿನ ಭಾಗದಿಂದ ಗುಣಿಸಿ, ಹಾಕಿದ ವೈರಸ್‌ನ ಮಿಲಿಲೀಟರ್‌ನಿಂದ ಭಾಗಿಸುವಾಗ, ಹಸಿರಾದ ಒಂದು ಕೋಶಕ್ಕೆ ಒಂದೇ ವೈರಸ್ ಹೊಕ್ಕಿದೆ ಎಂದು ಒಪ್ಪಿಕೊಂಡಂತಾಯಿತು. ವೈರಸ್ ಬೀಳುವುದು ಮದುವೆಯಲ್ಲಿ ಅಕ್ಷತೆ ಬೀಳುವ ಹಾಗೆ: ಕೆಲವರ ತಲೆಗೆ ಮೂರು ಕಾಳು, ಪಕ್ಕದವರಿಗೆ ಒಂದೂ ಇಲ್ಲ. ಲಕ್ಷ ಕೋಶಕ್ಕೆ ಲಕ್ಷ ವೈರಸ್ ತಗುಲಿದರೂ ಸುಮಾರು 37% ಕೋಶ ಬರಿದಾಗಿಯೇ ಉಳಿಯುತ್ತವೆ, 26% ಕೋಶಗಳಿಗೆ ಎರಡೋ ಅದಕ್ಕಿಂತ ಹೆಚ್ಚೋ ಸಿಗುತ್ತವೆ. ಮೂರು ಹೊಕ್ಕ ಕೋಶವನ್ನೂ ಯಂತ್ರ ಒಂದೇ ಹಸಿರು ಕೋಶವೆಂದು ಎಣಿಸುತ್ತದೆ.

ಇದನ್ನು ನಿಮ್ಮ ಅಂಕಿಗಳಲ್ಲೇ ಪರೀಕ್ಷಿಸಬಹುದು. ಹಸಿರಾಗದೆ ಉಳಿದ ಭಾಗದ ನ್ಯಾಚುರಲ್ ಲಾಗರಿದಮ್ ತೆಗೆದು ಋಣಚಿಹ್ನೆ ಕೈಬಿಡಿ. 0.84ಕ್ಕೆ 0.174 ಬರುತ್ತದೆ, 0.18ಕ್ಕೆ 1.715. ಕೋಶವೊಂದಕ್ಕೆ ಹೊಕ್ಕ ವೈರಸ್‌ನ ಸರಾಸರಿ ಇದು. ಇದರಿಂದ ಲೆಕ್ಕ ಹಾಕಿದರೆ ಟೈಟರ್ 87 ಲಕ್ಷ ಮತ್ತು 86 ಲಕ್ಷ. ಎರಡೂ ವೆಲ್ ಒಂದೇ ಮಾತು ಹೇಳುತ್ತಿವೆ, ನಿಮ್ಮ ಪಿಪೆಟಿಂಗ್ ಚೆನ್ನಾಗಿದೆ.

ಆದರೂ ತಿದ್ದುಪಡಿಯನ್ನು ನಂಬಿ 90%ರ ವೆಲ್ ಆರಿಸಬೇಡಿ. ಅಲ್ಲಿ ಒಂದೆರಡು ಶೇಕಡಾ ಆಚೀಚೆಯಾದರೂ ಉತ್ತರ ಬಹಳ ಜಿಗಿಯುತ್ತದೆ. 2%ಕ್ಕಿಂತ ಕೆಳಗೆ ಇಳಿದರೆ ವೈರಸ್ ಹಾಕದ ಕೋಶಗಳ ಸ್ವಂತ ಹೊಳಪೇ ಅಡ್ಡ ಬರುತ್ತದೆ. 5ರಿಂದ 20% ಹಸಿರು ಸಿಗುವಂತೆ ವೈರಸ್ ದ್ರವವನ್ನು ತೆಳುವಾಗಿಸುತ್ತಾ ಹೋಗಿ. ಕೋಶಗಳ ಎಣಿಕೆ ವೈರಸ್ ಹಾಕುವ ಗಳಿಗೆಯದ್ದಾಗಿರಲಿ, ಅದಕ್ಕೆಂದೇ ಒಂದು ವೆಲ್ ಹೆಚ್ಚಿಗೆ ಇಟ್ಟು ಟ್ರಿಪ್ಸಿನ್ ಹಾಕಿ ಕೋಶಗಳನ್ನು ಬಿಡಿಸಿ ಎಣಿಸಿ. ಹಿಂದಿನ ದಿನ ಬಿತ್ತಿದ ಸಂಖ್ಯೆಯನ್ನೇ ಬರೆದರೆ ರಾತ್ರಿಯಿಡೀ ವಿಭಜನೆಯಾದ ಕೋಶಗಳು ಲೆಕ್ಕದಿಂದ ತಪ್ಪಿಹೋಗುತ್ತವೆ. ವೈರಸ್ ಕೋಶಕ್ಕೆ ಅಂಟಲು ನೆರವಾಗುವ ಪಾಲಿಬ್ರೀನ್ (ಮಿಲಿಲೀಟರಿಗೆ 8 ಮೈಕ್ರೊಗ್ರಾಂ) ಮತ್ತು ಕೋಶ ಬೆಳೆಸುವ ದ್ರವವಾದ ಮೀಡಿಯಂ ಪ್ರಮಾಣ ಎಲ್ಲ ವೆಲ್‌ಗಳಲ್ಲೂ ಒಂದೇ ಇರಲಿ. ಮೀಡಿಯಂ ಹೆಚ್ಚಾದರೆ ವೈರಸ್ ತಳದ ಕೋಶ ಮುಟ್ಟುವಷ್ಟರಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ.

ಪ್ರಶ್ನೆ: ಲೆಂಟಿವೈರಸ್ ಹಾಕಿದ ಕೋಶಗಳಿಗೆ ಕ್ಯೂಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಅಳೆಯುವ ಪರೀಕ್ಷೆ) ಮಾಡಿದಾಗ ಮೂರನೇ ದಿನ ಕೋಶಕ್ಕೆ 11 ಪ್ರತಿ ಜೀನ್ ಇತ್ತು, 14ನೇ ದಿನ 1.6. ಜೀನ್ ಕಳೆದುಹೋಯಿತೇ?
– ಪ್ರಯೋಗಾಲಯ ಸಹಾಯಕ, ಮೈಸೂರು

ಉತ್ತರ: ಕೋಶದ ಡಿಎನ್‌ಎಗೆ ಬೆಸೆದುಕೊಂಡ ಜೀನ್ ಹಾಗೆ ಕಳೆಯುವುದಿಲ್ಲ. ಮೂರನೇ ದಿನ ನೀವು ಅಳೆದದ್ದರಲ್ಲಿ ಬಹುಪಾಲು ಬೆಸೆದುಕೊಳ್ಳದ ವೈರಸ್ ಡಿಎನ್‌ಎ, ಜೊತೆಗೆ ವೈರಸ್ ತಯಾರಿಸುವಾಗ ಹಾಕಿದ ಪ್ಲಾಸ್ಮಿಡ್‌ನ (ಉಂಗುರದಂಥ ಡಿಎನ್‌ಎ) ಉಳಿಕೆ. ಕೋಶ ವಿಭಜನೆಯಾದಂತೆಲ್ಲ ಇವು ಪಾಲಾಗಿ ತೆಳುವಾದವು. ವರದಿಗೆ 14ನೇ ದಿನದ್ದೇ ಸರಿ.

ಪ್ಲಾಸ್ಮಿಡ್ ಎಷ್ಟು ಅಂಟಿಕೊಂಡಿದೆ ಎಂದು ಹಿಡಿಯಲು ಆಂಪಿಸಿಲಿನ್ ನಿರೋಧಕ ಜೀನ್‌ಗೆ ಒಂದು ಜೊತೆ ಪ್ರೈಮರ್ (ಆ ಜೀನನ್ನು ಗುರುತಿಸುವ ಡಿಎನ್‌ಎ ತುಣುಕು) ಮಾಡಿಸಿ. ಆ ಜೀನ್ ಇರುವುದು ಪ್ಲಾಸ್ಮಿಡ್‌ನ ಬೆನ್ನೆಲುಬಿನಲ್ಲಿ. ಅದು ವೈರಸ್ ಮೂಲಕ ಕೋಶ ಸೇರುವಂಥದ್ದಲ್ಲ, ಆದ್ದರಿಂದ ಅದರ ಸಿಗ್ನಲ್ ಬಂದರೆ ಅದು ಪ್ಲಾಸ್ಮಿಡ್‌ನದೇ. ಮುಂದಿನ ಸಲ ಕೋಶಗಳಿಗೆ ಹಾಕುವ ಮೊದಲೇ ವೈರಸ್‌ಗೆ ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಮತ್ತು ಮೆಗ್ನೀಸಿಯಂ ಸೇರಿಸಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಎಜೆಡ್‌ಟಿ ಎಂಬ ಎಚ್‌ಐವಿ ಔಷಧ ಹಾಕಿದ ಒಂದು ವೆಲ್ ಕೂಡ ಇರಲಿ. ಅಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಶನ್ (ವೈರಸ್‌ನ ಆರ್‌ಎನ್‌ಎಯಿಂದ ಡಿಎನ್‌ಎ ಆಗುವ ಕ್ರಿಯೆ) ನಿಲ್ಲುವುದರಿಂದ, ಉಳಿಯುವ ಸಿಗ್ನಲ್ ಹೆಚ್ಚುಕಡಿಮೆ ಪೂರ್ತಿ ಕಲ್ಮಶ.

ಇನ್ನೊಂದು ಮಾತು ಕೇಳದಿದ್ದರೂ ಹೇಳುತ್ತೇವೆ, ಏಕೆಂದರೆ ಇಲ್ಲಿ ತುಂಬಾ ಜನ ಎಡವುತ್ತಾರೆ. ವೆಕ್ಟರ್ (ಜೀನ್ ಹೊತ್ತು ತಂದ ವೈರಸ್) ಪ್ರತಿಗಳನ್ನು ಆರ್‌ಪಿಪಿ30ರಂಥ ರೆಫರೆನ್ಸ್ ಜೀನ್‌ನ (ಹೋಲಿಕೆಗೆ ಬಳಸುವ, ಕೋಶದ್ದೇ ಜೀನ್) ಪ್ರತಿಗಳಿಂದ ಭಾಗಿಸಿ ಎರಡರಿಂದ ಗುಣಿಸುತ್ತೇವೆ, ಮನುಷ್ಯರ ಕೋಶದಲ್ಲಿ ಆ ಜೀನ್ ಎರಡು ಇರುತ್ತದೆ ಎಂಬ ಕಾರಣಕ್ಕೆ. ಆದರೆ ಪ್ರಯೋಗಾಲಯದಲ್ಲಿ ಬೆಳೆಸುವ ಎಚ್‌ಇಕೆ293ಟಿ ಎಂಬ ಮಾನವ ಕೋಶದಲ್ಲಿ ಕ್ರೋಮೊಸೋಮ್‌ಗಳು ಸುಮಾರು ಮೂರು ಸೆಟ್‌ನ ಹತ್ತಿರ ಇರುತ್ತವೆ. ಅಲ್ಲಿ ಎರಡರಿಂದ ಗುಣಿಸಿದರೆ ಉತ್ತರ ತಪ್ಪು.

ಹಾಗೆಯೇ 1.6 ಎಂಬುದು ಎಲ್ಲ ಕೋಶಗಳ ಸರಾಸರಿ. 40% ಕೋಶ ಮಾತ್ರ ಹಸಿರಿದ್ದರೆ, ಹಸಿರಾದ ಒಂದೊಂದರಲ್ಲೂ ಸರಾಸರಿ 4 ಪ್ರತಿ ಇವೆ ಎಂದರ್ಥ. ಸಿಎಆರ್-ಟಿ ಚಿಕಿತ್ಸೆಯಲ್ಲಿ (ಟಿ ಕೋಶಗಳಿಗೆ ಜೀನ್ ಸೇರಿಸಿ ಕ್ಯಾನ್ಸರ್ ವಿರುದ್ಧ ಬಳಸುವುದು) ಕೋಶಕ್ಕೆ 5ರ ಒಳಗೆ ಇರಬೇಕೆಂಬ ಮಿತಿ ಬಳಕೆಯಲ್ಲಿದೆ. ಪ್ರತಿ ಹೆಚ್ಚಿದಷ್ಟೂ ಅವು ಅಪಾಯದ ಜಾಗದಲ್ಲಿ ಕೂರುವ ಸಂಭವ ಹೆಚ್ಚು. ಪ್ಯಾರಿಸ್‌ನಲ್ಲಿ ಎಸ್‌ಸಿಐಡಿ-ಎಕ್ಸ್1 (ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಕಾಯಿಲೆ) ಇದ್ದ ಮಕ್ಕಳಿಗೆ ಜೀನ್ ಚಿಕಿತ್ಸೆ ಕೊಟ್ಟಾಗ ರೆಟ್ರೊವೈರಸ್, ಕ್ಯಾನ್ಸರ್ ತರಬಲ್ಲ ಎಲ್‌ಎಂಒ2 ಜೀನ್ ಬಳಿ ಕೂತು ಕೆಲವರಿಗೆ ಲ್ಯುಕೇಮಿಯ ಬಂತು. ಸರಾಸರಿಯ ಹಿಂದೆ ಬಚ್ಚಿಟ್ಟುಕೊಂಡ 4 ಅನ್ನು ಹುಡುಕಲೇಬೇಕು.

ಪ್ರಶ್ನೆ: ವೈರಸ್‌ನ ಪಿ24 ಪ್ರೋಟೀನ್ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ನಮ್ಮ ವೈರಸ್ ಟೈಟರ್ ಫ್ಲೋಗಿಂತ ನೂರಾರು ಪಟ್ಟು ಹೆಚ್ಚು ಬಂದಿದೆ. ಹಿಗ್ಗಬಹುದೇ?
– ಬೆಂಗಳೂರಿನ ಓದುಗರು

ಉತ್ತರ: ಬೇಡ. ಎಲೈಸಾ ಎಣಿಸುವುದು ಪ್ರೋಟೀನನ್ನು. ಸತ್ತ ಕಣ, ಟೊಳ್ಳು ಕಣ, ಕಣ ಸೇರದೆ ಹೊರಗೇ ಉಳಿದ ಪಿ24 ಎಲ್ಲವೂ ಅದರಲ್ಲಿ ಬರುತ್ತವೆ. ಕೆಲಸ ಮಾಡುವ ಒಂದು ವೈರಸ್‌ಗೆ ನೂರರಿಂದ ಸಾವಿರ ಕಣ ಇರುವುದು ಮಾಮೂಲು. ವೈರಸ್ ಟ್ಯೂಬನ್ನು ಎರಡು ಸಲ ಕರಗಿಸಿ ಮತ್ತೆ ಫ್ರೀಜ್ ಮಾಡಿ ನೋಡಿ: ಫ್ಲೋ ಟೈಟರ್ ಬೀಳುತ್ತದೆ, ಪಿ24 ಅಂಕಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದ್ದರಿಂದ ಸಣ್ಣ ಸಣ್ಣ ಪಾಲು ಮಾಡಿ -80 ಡಿಗ್ರಿಯಲ್ಲಿಡಿ, ಫ್ರೀಜ್ ಆದ ಒಂದು ಪಾಲನ್ನು ಕರಗಿಸಿಯೇ ಟೈಟರ್ ನೋಡಿ.