ಸ್ವಂತ ಉದ್ಯೋಗ ಮಾಡುವವರಿಗೆ ಹಲ್ಲಿನ ವಿಮೆ ಲಾಭವೇ?

ಹಲ್ಲು ಗಟ್ಟಿಯಿದ್ದು, ಬರೀ ಕ್ಲೀನಿಂಗ್‌ಗೆ ಹೋಗುವವರಾದರೆ ನನ್ನ ಪ್ರಕಾರ ಬೇಡ. ಪ್ರೀಮಿಯಂ ನೋಡುವ ಮೊದಲು ಪಾಲಿಸಿಯ ವಾರ್ಷಿಕ ಮಿತಿ ನೋಡಿ. ಸಾಮಾನ್ಯವಾಗಿ ಅದು ಕಡಿಮೆಯೇ ಇರುತ್ತದೆ. ಮಿತಿ ದಾಟಿದ ಖರ್ಚೆಲ್ಲ ನಿಮ್ಮ ತಲೆಗೇ. ಅಂದರೆ ಇಂಪ್ಲಾಂಟ್‌ನಂಥ ದೊಡ್ಡ ಬಿಲ್ ಬಂದಾಗಲೇ ವಿಮೆ ಕೈಕೊಡುತ್ತದೆ.

ವರ್ಷದ ಪ್ರೀಮಿಯಂ 100 ಅಂದುಕೊಳ್ಳಿ. ಎರಡು ಕ್ಲೀನಿಂಗ್, ಒಂದು ಎಕ್ಸ್‌ರೇಗೆ ಕೈಯಿಂದಲೇ ಕೊಟ್ಟರೆ 70 ಆಗುತ್ತದಾದರೆ, ಉಳಿದ 30 ಪಕ್ಕಕ್ಕಿಡುವುದೇ ಮೇಲು. ನಗದು ಕೊಟ್ಟರೆ ರಿಯಾಯಿತಿ ಇದೆಯೇ ಎಂದು ಡಾಕ್ಟರನ್ನೇ ಕೇಳಿ (ಕೇಳಲು ಸಂಕೋಚವೇಕೆ?).

ವಸಡಿನ ತೊಂದರೆ, ಹಳೆಯ ಫಿಲ್ಲಿಂಗ್‌ಗಳಿದ್ದರೆ ಲೆಕ್ಕ ಬೇರೆ. ಆಗ ವಿಮೆಯನ್ನು ಬೇಗ ಮಾಡಿಸಿ: ರೂಟ್ ಕೆನಾಲ್, ಕ್ರೌನ್‌ಗೆ ವಿಮೆ ಅನ್ವಯಿಸಲು ಹಲವು ಪಾಲಿಸಿಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಪ್ರೀಮಿಯಂಗೆ ತೆರಿಗೆ ವಿನಾಯಿತಿ ಉಂಟೇ ಎಂದೂ ವಿಚಾರಿಸಿ.