‘ಲಿಸ್ಟ್ ಈಸ್’ ಸರಿಯೋ, ‘ಲಿಸ್ಟ್ ಆರ್’ ಸರಿಯೋ?

ಪ್ರಶ್ನೆ: ನಮ್ಮೂರಿನ ಅಡಿಕೆ ಬೆಳೆಗಾರರ ಸಂಘದ ನೋಟೀಸಿನಲ್ಲಿ ನಾನು ‘ದಿ ಲಿಸ್ಟ್ ಆಫ್ ಮೆಂಬರ್ಸ್ ಆರ್ ರೆಡಿ’ ಎಂದು ಬರೆದಿದ್ದೆ. ‘ಆರ್’ ತಪ್ಪು, ‘ಈಸ್’ ಆಗಬೇಕು ಎನ್ನುತ್ತಾಳೆ ಮಗಳು. ಸದಸ್ಯರು ಅನೇಕರಿರುವಾಗ ಏಕವಚನ ಹೇಗೆ ಸರಿಯಾದೀತು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಗಳು ಹೇಳಿದ್ದೇ ಸರಿ. ಇಲ್ಲಿ ಸಿದ್ಧವಾಗಿರುವುದು ಪಟ್ಟಿಯೇ ಹೊರತು ಸದಸ್ಯರಲ್ಲ. ‘ಸದಸ್ಯರ ಪಟ್ಟಿ ಸಿದ್ಧವಾಗಿದೆ’ ಎಂದು ಕನ್ನಡದಲ್ಲಿ ಬರೆಯುವಾಗ ಮುಖ್ಯ ನಾಮಪದವಾದ ‘ಪಟ್ಟಿ’ ಕೊನೆಗೆ, ಕ್ರಿಯಾಪದದ ಹತ್ತಿರವೇ ಬರುವುದರಿಂದ ನಾವು ಎಡವುವುದಿಲ್ಲ. ಇಂಗ್ಲಿಷಿನಲ್ಲಾದರೋ ‘ಲಿಸ್ಟ್’ ಮೊದಲೇ ಬಂದು, ಅದಕ್ಕೂ ಕ್ರಿಯಾಪದಕ್ಕೂ ನಡುವೆ ‘ಮೆಂಬರ್ಸ್’ ಎಂಬ ಬಹುವಚನ ನಿಂತುಬಿಡುವುದರಿಂದ ಹತ್ತಿರದ ಪದವನ್ನೇ ಕರ್ತೃವೆಂದು ಭಾವಿಸುತ್ತೇವೆ. ‘ಆಫ್ ಮೆಂಬರ್ಸ್’ ಎಂಬುದನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ, ‘ಲಿಸ್ಟ್ ಈಸ್’ ತಾನಾಗಿಯೇ ಬರುತ್ತದೆ.

ನಮ್ಮ ಭಾಷೆಯ ಇನ್ನೆರಡು ರೂಢಿಗಳೂ ಇಂಗ್ಲಿಷ್ ಬರೆಯುವಾಗ ತೊಡಕಾಗುತ್ತವೆ. ‘ಮೇಷ್ಟ್ರು ಸಾಗರದಿಂದ ಬರುತ್ತಾರೆ’ ಎಂದು ಒಬ್ಬರಿಗೇ ಗೌರವದ ಬಹುವಚನ ಬಳಸುತ್ತೇವೆ. ಎಷ್ಟೇ ಹಿರಿಯರಾದರೂ ಇಂಗ್ಲಿಷಿನಲ್ಲಿ ‘ದಿ ಟೀಚರ್ ಕಮ್ಸ್’ ಎಂದೇ ಬರೆಯಬೇಕು, ಅದು ಅಗೌರವವಲ್ಲ. ಇದಕ್ಕೆ ತದ್ವಿರುದ್ಧವಾಗಿ ‘ತೋಟದಲ್ಲಿ ಹತ್ತು ಮರ ಇದೆ’ ಎಂಬುದು ನಮ್ಮ ಮಾತಿನಲ್ಲಿ ಸಹಜ, ಆದರೆ ಇಂಗ್ಲಿಷಿನಲ್ಲಿ ‘ದೇರ್ ಆರ್ ಟೆನ್ ಟ್ರೀಸ್’ ಎಂದು ಎರಡೂ ಕಡೆ ಬಹುವಚನ ಬೇಕು.

ಭೂತಕಾಲದಲ್ಲಿ ಈ ತೊಂದರೆ ಬಹಳ ಕಡಿಮೆ: ‘ಕೇಮ್’, ‘ವೆಂಟ್’ ಮುಂತಾದವು ಎಲ್ಲರಿಗೂ ಒಂದೇ ರೂಪ. ‘ವಾಸ್’, ‘ವರ್’ ಮಾತ್ರ ವಚನ ನೋಡಿ ಬದಲಾಗುತ್ತವೆ.