ಸೋರಿಯಾಸಿಸ್ ಇದ್ದರೆ ಬದನೆಕಾಯಿ ಬಿಡಲೇಬೇಕಾ?

ಸೋರಿಯಾಸಿಸ್ ಇದೆ, ಬದನೆಕಾಯಿ, ಟೊಮೆಟೊ, ಮೊಟ್ಟೆ ಎಲ್ಲಾ ನಂಜು ಅಂತ ಮನೆಯಲ್ಲಿ ಬಿಡಿಸಿದ್ದಾರೆ, ಪಥ್ಯದಿಂದಲೇ ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ನಾನು ಕೋಲಾರದವನು. ನನಗೂ ಇದೇ ಕಾಯಿಲೆ, ಮೊಣಕೈಯಲ್ಲಿ ಮತ್ತು ತಲೆಯಲ್ಲಿ.

ಬರೀ ಪಥ್ಯದಿಂದ ವಾಸಿಯಾಗಲ್ಲ. ಇದು ರಕ್ತ ಕೆಟ್ಟು ಬರುವುದಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿಬೀಳುತ್ತದೆ. ತಿಂಗಳು ಹಿಡಿಯಬೇಕಾದ ಚರ್ಮದ ಬೆಳವಣಿಗೆ ಕೆಲವೇ ದಿನಗಳಲ್ಲಿ ಮುಗಿದು, ಹೊಟ್ಟಿನ ಹಾಗೆ ಉದುರುತ್ತದೆ. ಅಂಟುವ ಕಾಯಿಲೆಯಂತೂ ಅಲ್ಲವೇ ಅಲ್ಲ. ತಟ್ಟೆ ಲೋಟ ಬೇರೆ ಇಟ್ಟಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಲು ಹೇಳಿ.

ಊಟದ ಪಾತ್ರ ಇರುವುದು ಮುಖ್ಯವಾಗಿ ತೂಕದಲ್ಲಿ. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಸುಮ್ನೆ ಇರಲ್ಲ, ಉರಿಯೂತ ಹೆಚ್ಚಿಸುವ ಅಂಶಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. 2018ರಲ್ಲಿ ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್ ಕೂಡ ಗಟ್ಟಿಯಾಗಿ ಹೇಳಿದ್ದು ಇದನ್ನೇ: ತೂಕ ಜಾಸ್ತಿ ಇರುವವರು ಔಷಧಿಯ ಜೊತೆಗೆ ಊಟದ ಕ್ಯಾಲೊರಿ ಇಳಿಸಿ ತೂಕ ಕಡಿಮೆ ಮಾಡಬೇಕು.

ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬಸ್ಸಾರು, ಮಸ್ಸೊಪ್ಪು ಇದ್ದೇ ಇದೆಯಲ್ಲ. ಅಳತೆ ಬದಲಾಯಿಸಿದರೆ ಸಾಕು. ಹೊಲದಲ್ಲಿ ದುಡಿಯುವವರ ಮುದ್ದೆ, ಕೂತು ಕೆಲಸ ಮಾಡುವ ನಮಗೆ ಬೇಡ. ನಾನು ರಾತ್ರಿ ಅರ್ಧ ಮುದ್ದೆ, ಜೊತೆಗೆ ಬಸಿದ ಸೊಪ್ಪು-ಕಾಳಿನ ಪಲ್ಯ ಧಾರಾಳವಾಗಿ ಹಾಕಿಕೊಳ್ಳುತ್ತೇನೆ. ಬೇಕರಿ ತಿಂಡಿ, ಬಜ್ಜಿ-ಬೋಂಡ ಅಪರೂಪ. ತೂಕ ಇಳಿದ ಮೇಲೆ ಮೊಣಕೈ ಮೇಲಿನ ಪದರ ತೆಳುವಾಯಿತು. ಅಂಗಿ ತೋಳು ಉಜ್ಜಿ ರಕ್ತ ಬರುತ್ತಿದ್ದದ್ದು ನಿಂತಿದೆ. ಮುಲಾಮು ಮಾತ್ರ ಬಿಟ್ಟಿಲ್ಲ.

ಬದನೆಕಾಯಿ, ಟೊಮೆಟೊ ಎಲ್ಲರಿಗೂ ಆಗಲ್ಲ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ನಿಮಗೆ ಅನುಮಾನ ಇದ್ದರೆ ಒಂದೊಂದನ್ನೇ ಕೆಲವು ವಾರ ಬಿಟ್ಟು ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ, ಮೈಗೆ ಶಕ್ತಿಯೂ ಸಾಲಲ್ಲ.

ಕುಡಿತ, ಸಿಗರೇಟು ಇದ್ದರೆ ಮೊದಲು ಅದನ್ನು ಬಿಡಿ. ಸೋರಿಯಾಸಿಸ್ ಜಾಸ್ತಿ ಇದ್ದಾಗ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯೂ ಲಿವರ್‌ಗೆ ತೊಂದರೆ ಕೊಡಬಹುದು, ಅದನ್ನು ತೆಗೆದುಕೊಳ್ಳುವವರು ಕುಡಿದರೆ ಲಿವರ್‌ಗೆ ಎರಡು ಕಡೆಯಿಂದ ಏಟು.

ಗೋಧಿ ಬಿಡಿ ಅಂತಲೂ ಯಾರಾದರೂ ಹೇಳಿರಬಹುದು. ಗೋಧಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಆಗದವರಿಗೆ ಮಾತ್ರ ಅದರಿಂದ ಉಪಯೋಗ. ಅದಕ್ಕೆ ರಕ್ತ ಪರೀಕ್ಷೆ ಇದೆ. ಚಪಾತಿ ತಿನ್ನುತ್ತಿರುವಾಗಲೇ ಮಾಡಿಸಿ, ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ತಪ್ಪಾಗಿ ಬರಬಹುದು. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಮುದ್ದೆಗೆ ಯಾವ ತೊಂದರೆಯೂ ಇಲ್ಲ.